ಮಳೆನೀರು ಹಿಡಿಯೋಕೆ ಯಾರ ಅಪ್ಪಣೆ ಬೇಕು?

ಪ್ರಶ್ನೆ: ನಮ್ಮದು ಸ್ವಂತ ಮನೆ. ತಾರಸಿ ಸುಮಾರು 100 ಚದರ ಮೀಟರ್ ಇದೆ. 5,000 ಲೀಟರಿನ ಟ್ಯಾಂಕ್ ಇಟ್ಟು ಮಳೆನೀರು ಹಿಡಿಯಬೇಕು ಅಂದುಕೊಂಡಿದ್ದೇನೆ. ಗಿಡಗಳಿಗೆ, ಟಾಯ್ಲೆಟ್ ಫ್ಲಶ್‌ಗೆ, ಬಟ್ಟೆ ಒಗೆಯಲು ಸಾಕು, ಕುಡಿಯಲು ಬೇಡ. ಮಳೆ ಇಲ್ಲದ ದಿನಗಳಲ್ಲಿ ಅದೇ ಟ್ಯಾಂಕಿಗೆ ನಲ್ಲಿ ನೀರು ತುಂಬಿಸುವ ಯೋಚನೆ ಇದೆ. ತುಂಬಿ ಹೆಚ್ಚಾದದ್ದನ್ನು ಒಳಚರಂಡಿಗೆ ಬಿಟ್ಟರಾಯಿತು ಅಂತ ಪ್ಲಂಬರ್ ಹೇಳಿದ್ದಾರೆ. ಅಷ್ಟರಲ್ಲಿ ನನ್ನ ತಮ್ಮ ಒಂದು ವಿಡಿಯೋ ತೋರಿಸಿದ. ಮಳೆನೀರು ಹಿಡಿದಿದ್ದಕ್ಕೆ ಒಬ್ಬರಿಗೆ ಜೈಲಾಯಿತಂತೆ. ಇನ್ನೊಬ್ಬ ಪರಿಚಿತರು ಹಿಡಿಯದಿದ್ದರೇ ದಂಡ ಅಂತಾರೆ. ಯಾವುದು ನಿಜ? ನಾನು ಯಾರನ್ನು, ಏನಂತ ಕೇಳಬೇಕು?

ಉತ್ತರ:

ಎರಡೂ ನಿಜವೇ. ಆದರೆ ಒಂದೇ ಜಾಗದಲ್ಲಿ ಅಲ್ಲ. ವಿಡಿಯೋದಲ್ಲಿ ಹೇಳಿದ ರೀತಿಯಲ್ಲೂ ಅಲ್ಲ.

ಮೊದಲು ಸಮಾಧಾನದ ಮಾತು. ಮನೆಯ ಸೂರಿನಿಂದ ಇಳಿದ ನೀರನ್ನು ಟ್ಯಾಂಕಿನಲ್ಲಿ ಹಿಡಿದು ಗಿಡಕ್ಕೆ ಹಾಕುವುದನ್ನು ಪ್ರಪಂಚದ ಹೆಚ್ಚಿನ ಕಡೆ ಯಾರೂ ತಡೆಯುವುದಿಲ್ಲ. ನಿಮ್ಮ ಪತ್ರ ಓದಿದಾಗ ನನಗೆ ಚಿಂತೆ ಹತ್ತಿದ್ದು ಮಳೆಯ ಬಗ್ಗೆ ಅಲ್ಲ, ಎರಡು ಪೈಪುಗಳ ಬಗ್ಗೆ. ಒಂದು, ನಲ್ಲಿಯಿಂದ ಟ್ಯಾಂಕಿಗೆ ಬರುವ ಪೈಪು. ಇನ್ನೊಂದು, ಟ್ಯಾಂಕಿನಿಂದ ಒಳಚರಂಡಿಗೆ ಹೋಗುವ ಪೈಪು. ಕಾನೂನು ಎಲ್ಲೇ ಇರಲಿ, ಹೇಗೇ ಇರಲಿ, ಆಕಾಶದಿಂದ ಬಿದ್ದ ಹನಿಯನ್ನು ಅದು ಹೆಚ್ಚಾಗಿ ವಿಚಾರಿಸುವುದಿಲ್ಲ. ಆ ಹನಿ ನಿಮ್ಮ ಮನೆಯೊಳಗೆ ಬಂದ ಮೇಲೆ ಯಾವ ನೀರಿನ ಜೊತೆ ಸೇರಿತು, ಎಲ್ಲಿಗೆ ಹೊರಟಿತು ಅನ್ನುವುದನ್ನೇ ವಿಚಾರಿಸುವುದು. ಅದಕ್ಕೆ ಆಮೇಲೆ ಬರುತ್ತೇನೆ. ಜೈಲಿನ ಕತೆ ಮೊದಲು ಮುಗಿಸಿಬಿಡೋಣ, ಇಲ್ಲದಿದ್ದರೆ ನಿಮ್ಮ ತಮ್ಮ ಬಿಡುವುದಿಲ್ಲ.

ಅದು 2012ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ನಡೆದದ್ದು. ಒಬ್ಬ ಜಮೀನುದಾರನಿಗೆ ನಿಜವಾಗಿಯೂ 30 ದಿನದ ಜೈಲು ಶಿಕ್ಷೆಯಾಯಿತು. ಸುದ್ದಿಯ ತಲೆಬರಹ ‘ಮಳೆನೀರು ಹಿಡಿದವನಿಗೆ ಜೈಲು’ ಅಂತಲೇ ಹರಿದಾಡಿತು. ಆದರೆ ಆತ ಇಟ್ಟಿದ್ದು ಡ್ರಮ್ಮುಗಳನ್ನಲ್ಲ. ಜಮೀನಿನಲ್ಲಿ ಒಡ್ಡು ಕಟ್ಟಿ ಮೂರು ಕೆರೆಗಳನ್ನೇ ಮಾಡಿಕೊಂಡಿದ್ದ. ಮೂರರಲ್ಲೂ ಸೇರಿ ಸುಮಾರು 1.3 ಕೋಟಿ ಗ್ಯಾಲನ್ ನೀರು, ಅಂದರೆ ಹತ್ತಿರ ಹತ್ತಿರ 5 ಕೋಟಿ ಲೀಟರ್. ನಿಮ್ಮ ಟ್ಯಾಂಕಿನಂಥವು ಹತ್ತು ಸಾವಿರ ಬೇಕು ಅಷ್ಟು ನೀರಿಗೆ. ಆ ಜಮೀನಿನಿಂದ ನೀರು ಹರಿದು ಸೇರುವ ಹೊಳೆಯನ್ನು 1925ರ ಒಂದು ಕಾನೂನು ಹತ್ತಿರದ ನಗರಕ್ಕೆ ಬರೆದುಕೊಟ್ಟಿತ್ತು. ಅನುಮತಿ ಇಲ್ಲದೆ ನೀರು ನಿಲ್ಲಿಸಿದ್ದೇ ತಪ್ಪು ಅಂತ ಕೋರ್ಟ್ ಹೇಳಿತು. ತಮಾಷೆ ಏನೆಂದರೆ, ಅದೇ ಆರೆಗಾನ್‌ನಲ್ಲಿ ಮನೆಯ ಸೂರಿನಿಂದ ಮಳೆನೀರು ಹಿಡಿಯಲು ನೀರಿನ ಹಕ್ಕಿನ ಪರವಾನಗಿ ಬೇಡ ಅಂತ ಕಾನೂನಿನಲ್ಲೇ ಬರೆದಿದೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಮುಂದೆ ಎಲ್ಲ ಕಡೆ ಇದು ಬರುತ್ತದೆ. ಸೂರಿನ ಮೇಲೆ ಬಿದ್ದ ನೀರು ಒಂದು. ನೆಲ ಮುಟ್ಟಿ ಹರಿಯಲು ಶುರುವಾದ ನೀರು ಇನ್ನೊಂದು. ಸೂರಿನ ನೀರನ್ನು ಹೆಚ್ಚಿನ ಕಾನೂನುಗಳು ಮನೆಯವರಿಗೆ ಬಿಟ್ಟುಕೊಡುತ್ತವೆ. ನೆಲದ ಮೇಲೆ ಹರಿಯುವ ನೀರಿಗೆ ಕೆಳಗೆ ಕಾಯುತ್ತಿರುವವರು ಇರುತ್ತಾರೆ. ಅಲ್ಲಿ ಕೈ ಹಾಕಿದರೆ ಪ್ರಶ್ನೆ ಬರುತ್ತದೆ. ಮನೆಯ ಮುಂದಿನ ಕಾಲುವೆಗೆ ಅಡ್ಡ ಕಟ್ಟಿ ಹೊಂಡ ತುಂಬಿಸುವುದೂ ತಾರಸಿಯ ನೀರು ಹಿಡಿಯುವುದೂ ಒಂದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸೂರಿನ ನೀರಿಗೂ ತಡೆ ಇದ್ದ ಜಾಗ ಇಲ್ಲವೇ ಇಲ್ಲ ಅಂತಲ್ಲ. ಅಮೆರಿಕದ ಕೊಲೊರಾಡೊ ಇದಕ್ಕೆ ಹೆಸರಾದ ಉದಾಹರಣೆ. ಅಲ್ಲಿ ನೀರಿನ ಹಕ್ಕು ನಡೆಯುವುದು ‘ಮೊದಲು ಬಳಸಿದವನು ಮೊದಲು’ ಎಂಬ ಲೆಕ್ಕದಲ್ಲಿ. 19ನೇ ಶತಮಾನದಲ್ಲಿ ಗಣಿಯವರು, ರೈತರು ಹೊಳೆಯಿಂದ ಕಾಲುವೆ ತೋಡಿಕೊಂಡ ಕಾಲದಿಂದ ಬಂದ ಲೆಕ್ಕ ಅದು. ನನ್ನ ತಾತ ನಿನ್ನ ತಾತನಿಗಿಂತ ಮೊದಲು ಹೊಳೆಗೆ ಕಾಲುವೆ ತೋಡಿದ್ದರೆ ನನ್ನ ಪಾಲು ಮೊದಲು ತುಂಬಬೇಕು, ಉಳಿದರೆ ನಿನಗೆ. ಈ ತರ್ಕವನ್ನೇ ಎಳೆದುಕೊಂಡು ಹೋದರೆ ನಿಮ್ಮ ಸೂರಿನ ಮೇಲೆ ಬಿದ್ದ ಹನಿಯೂ ಎಂದೋ ಹೊಳೆ ಸೇರಬೇಕಾದದ್ದು, ಅದಕ್ಕೂ ಕೆಳಗೆ ಒಬ್ಬ ಹಕ್ಕುದಾರ ಇದ್ದಾನೆ. ಹಾಗಾಗಿ ಅಲ್ಲಿ ಬಹಳ ಕಾಲ ಒಂದು ಡ್ರಮ್ ಇಡುವುದೂ ತಪ್ಪಾಗಿತ್ತು.

ಈ ತರ್ಕವನ್ನು ಅಲುಗಾಡಿಸಿದ್ದು ಒಂದು ಅಳತೆ. 2007ರಲ್ಲಿ ಕೊಲೊರಾಡೊದ ಡಗ್ಲಸ್ ಕೌಂಟಿಯಲ್ಲಿ ಒಂದು ಅಧ್ಯಯನ ನಡೆಯಿತು. ಬಿದ್ದ ಮಳೆಯಲ್ಲಿ ಹೊಳೆ ಸೇರುವುದು ಸರಾಸರಿ ಶೇಕಡ 3ರಷ್ಟು ಮಾತ್ರ ಅಂತ ಅದರಲ್ಲಿ ಗೊತ್ತಾಯಿತು. ಉಳಿದದ್ದನ್ನು ಬಿಸಿಲು, ಮಣ್ಣು, ಹುಲ್ಲು ಕುಡಿದುಬಿಡುತ್ತವೆ. ಅಂದರೆ ಯಾರದೋ ಪಾಲು ಕದಿಯುತ್ತಿದ್ದೀರಿ ಅಂದದ್ದರಲ್ಲಿ ಹುರುಳು ಕಡಿಮೆ. 2009ರಲ್ಲಿ ಕೆಲವು ಬಾವಿ ಮಾಲೀಕರಿಗೆ ಸ್ವಲ್ಪ ಸಡಿಲಿಕೆ ಸಿಕ್ಕಿತು. 2016ರಲ್ಲಿ ಮನೆಗಳಿಗೂ ಬಾಗಿಲು ತೆರೆಯಿತು. ಆದರೂ ಎಷ್ಟು? ಎರಡು ಡ್ರಮ್, ಎರಡೂ ಸೇರಿ 110 ಗ್ಯಾಲನ್, ಅಂದರೆ ಸುಮಾರು 416 ಲೀಟರ್. ಅದೂ ಅದೇ ಮನೆಯ ಅಂಗಳದ ಗಿಡಗಳಿಗೆ. ಪಕ್ಕದ ಯೂಟಾದಲ್ಲಿ ನೋಂದಣಿ ಮಾಡಿಸಿಕೊಂಡರೆ 2,500 ಗ್ಯಾಲನ್, ಅಂದರೆ ಸುಮಾರು 9,500 ಲೀಟರ್‌ವರೆಗೆ ಹಿಡಿಯಬಹುದು. ನಿಮ್ಮ 5,000 ಲೀಟರಿನ ಟ್ಯಾಂಕ್ ಯೂಟಾದಲ್ಲಿ ಸರಿ, ಗಡಿ ದಾಟಿದರೆ ತಪ್ಪು.

ಈಗ ನಿಮ್ಮ ಪರಿಚಿತರ ಮಾತು. ಹಿಡಿಯದಿದ್ದರೆ ದಂಡ ಅನ್ನುವುದೂ ಸುಳ್ಳಲ್ಲ. ತಮಿಳುನಾಡಿನಲ್ಲಿ 2003ರಲ್ಲಿ ಹಳೆಯ ಕಟ್ಟಡ, ಹೊಸ ಕಟ್ಟಡ ಅನ್ನದೆ ಎಲ್ಲಕ್ಕೂ ಮಳೆಕೊಯ್ಲು ಕಡ್ಡಾಯ ಮಾಡಿದರು. ಬೆಂಗಳೂರಿನಲ್ಲಿ 2009ರಲ್ಲಿ ಜಲಮಂಡಳಿಯ ಕಾನೂನಿಗೇ ತಿದ್ದುಪಡಿ ತಂದು ನಿವೇಶನದ ಅಳತೆ ನೋಡಿ ಕಡ್ಡಾಯ ಮಾಡಿದರು. ಮಾಡದವರಿಗೆ ದಂಡ ನೀರಿನ ಬಿಲ್ಲಿನ ಜೊತೆಗೇ ಬರುತ್ತದೆ. ಬರ್ಮುಡಾ ದ್ವೀಪದಲ್ಲಂತೂ ಹೊಳೆಯೂ ಇಲ್ಲ, ಸಿಹಿನೀರಿನ ಕೆರೆಯೂ ಇಲ್ಲ. ಅಲ್ಲಿ ಮನೆ ಕಟ್ಟುವುದೆಂದರೆ ಮಳೆ ಹಿಡಿಯುವ ಸೂರು, ಅಡಿಯಲ್ಲಿ ಟ್ಯಾಂಕು ಕಟ್ಟುವುದು ಅಂತಲೇ ಅರ್ಥ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಲ್ಲಿನ ಬಿಳಿ ಸೂರುಗಳನ್ನು ನೀವು ಚಿತ್ರದಲ್ಲಿ ನೋಡಿರಬಹುದು. ಚಂದಕ್ಕೆ ಮಾಡಿದ್ದಲ್ಲ ಅದು. ಆ ಮೆಟ್ಟಿಲುಗಳು ಜೋರು ಮಳೆಯನ್ನು ನಿಧಾನ ಮಾಡಿ ಸೂರಿನಂಚಿನ ನೀರಿನ ದೋಣಿಯ ಕಡೆ ತಿರುಗಿಸುತ್ತವೆ.

ಇನ್ನೂ ಒಂದು ಬಗೆ ಇದೆ. ಕಡ್ಡಾಯವೂ ಇಲ್ಲ, ತಡೆಯೂ ಇಲ್ಲ, ಆದರೆ ಬಿಲ್ಲಿನಲ್ಲಿ ಒಲಿಸಿಕೊಳ್ಳುತ್ತಾರೆ. ಜರ್ಮನಿಯ ಊರುಗಳಲ್ಲಿ ಚರಂಡಿ ಶುಲ್ಕ ಎರಡು ಭಾಗವಾಗಿರುತ್ತದೆ. ಒಂದು, ಮನೆಯಿಂದ ಹೋಗುವ ಕೊಳಚೆ ನೀರಿಗೆ. ಇನ್ನೊಂದು, ನಿಮ್ಮ ಸೂರು ಮತ್ತು ಸಿಮೆಂಟ್ ಅಂಗಳದಿಂದ ಚರಂಡಿಗೆ ಹರಿಯುವ ಮಳೆನೀರಿಗೆ, ಚದರ ಮೀಟರ್ ಲೆಕ್ಕದಲ್ಲಿ. ನೀರು ಇಂಗಿಸಿದರೆ, ಟ್ಯಾಂಕಿನಲ್ಲಿ ಹಿಡಿದರೆ ಈ ಎರಡನೆಯದು ಕಡಿಮೆಯಾಗುತ್ತದೆ. ನನಗೆ ಇದು ಎಲ್ಲಕ್ಕಿಂತ ಜಾಣತನದ ವಿಧಾನ ಅನ್ನಿಸುತ್ತದೆ. ದಂಡಕ್ಕೆ ಹೆದರಿ ಕಟ್ಟಿದ ಇಂಗುಗುಂಡಿಗಳಲ್ಲಿ ಎರಡನೇ ವರ್ಷ ಕಸ ತುಂಬಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಬಿಲ್ ಕಡಿಮೆಯಾಗುತ್ತದೆ ಅಂದರೆ ಜನ ಜಾಲರಿಯನ್ನೂ ತೊಳೆದಿಟ್ಟುಕೊಳ್ಳುತ್ತಾರೆ.

ಸರಿ, ಪೈಪಿಗೆ ಬರೋಣ.

ನೀವು ಹೇಳಿದ ಮೊದಲನೇ ಜೋಡಣೆ, ಅಂದರೆ ಮಳೆನೀರಿನ ಟ್ಯಾಂಕಿಗೆ ನಲ್ಲಿಯ ಲೈನ್ ಕೊಡುವುದು. ಇದನ್ನು ಯಾರೂ ಸುಮ್ನೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಯಾಕೆ ಅಂತ ಹೇಳುತ್ತೇನೆ. ನಲ್ಲಿಯ ಪೈಪಿನಲ್ಲಿ ನೀರು ಯಾವಾಗಲೂ ಹೊರಗೇ ನುಗ್ಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಒತ್ತಡ ಇರುವವರೆಗೆ ಅದು ನಿಜ. ರಸ್ತೆಯಲ್ಲಿ ದೊಡ್ಡ ಪೈಪು ಒಡೆದಾಗ, ಬೆಂಕಿ ಆರಿಸಲು ಅಗ್ನಿಶಾಮಕದವರು ನೀರೆಳೆದಾಗ, ಅಥವಾ ಸರಬರಾಜು ನಿಂತು ಪೈಪು ಖಾಲಿಯಾಗುವಾಗ ಒತ್ತಡ ತಲೆಕೆಳಗಾಗುತ್ತದೆ. ಆಗ ಪೈಪು ಸ್ಟ್ರಾ ಇದ್ದಂತೆ. ಅದರ ತುದಿ ನಿಮ್ಮ ಟ್ಯಾಂಕಿನ ನೀರಿನಲ್ಲಿ ಮುಳುಗಿದ್ದರೆ, ಸೂರಿನ ಮೇಲಿನ ಹಕ್ಕಿಯ ಹಿಕ್ಕೆ ತೊಳೆದ ನೀರನ್ನು ಹೀರಿಕೊಂಡು ಇಡೀ ಬೀದಿಯ ನಲ್ಲಿಗಳಿಗೆ ಕೊಡುತ್ತದೆ. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಊರುಗಳಲ್ಲಿ ಇದು ಎಂದೋ ಒಮ್ಮೆ ಆಗುವ ಅಪಘಾತವಲ್ಲ, ಪೈಪು ಖಾಲಿಯಾದಾಗಲೆಲ್ಲ ಎದುರಾಗುವ ಅಪಾಯ.

‘ಮಧ್ಯದಲ್ಲಿ ಒಂದು ವಾಲ್ವ್ ಹಾಕಿದರೆ ಆಯ್ತಲ್ಲ’ ಅಂತ ಪ್ಲಂಬರ್ ಹೇಳಬಹುದು. ಒಮ್ಮೆ ಒಂದು ಮನೆಗೆ ಹೋಗಿದ್ದೆ. ಯಜಮಾನರು ಬಹಳ ಅಚ್ಚುಕಟ್ಟಿನವರು, ಟ್ಯಾಂಕಿನ ಪಕ್ಕದಲ್ಲಿ ಹೊಳೆಯುವ ಹಿತ್ತಾಳೆಯ ವಾಲ್ವ್ ತೋರಿಸಿ ‘ನೋಡಿ, ಯಾವಾಗಲೂ ಮುಚ್ಚಿಟ್ಟಿರುತ್ತೇನೆ’ ಅಂದರು. ಅಡುಗೆಮನೆಯ ನಲ್ಲಿ ತಿರುಗಿಸಿದರೆ ನೀರು ತಿಳಿ ಚಹಾದ ಬಣ್ಣದಲ್ಲಿ ಬಂತು. ವಾಲ್ವಿನೊಳಗಿನ ರಬ್ಬರ್ ಸವೆದು ಎಷ್ಟು ಕಾಲವಾಗಿತ್ತೋ. ಮುಚ್ಚಿದ ವಾಲ್ವ್ ಹೊರಗಿನಿಂದ ನೋಡಿದರೆ ಮುಚ್ಚಿಯೇ ಇರುತ್ತದೆ, ಅಲ್ವಾ? ಅದಕ್ಕೇ ನಿಯಮ ಬರೆಯುವವರು ಬರೀ ವಾಲ್ವನ್ನು ನಂಬುವುದಿಲ್ಲ. ಗಾಳಿಯನ್ನು ನಂಬುತ್ತಾರೆ.

ಗಾಳಿ ಅಂದರೆ ಹೀಗೆ. ನಲ್ಲಿ ನೀರಿನ ಪೈಪು ಟ್ಯಾಂಕಿನ ನೀರನ್ನು ಯಾವತ್ತೂ ಮುಟ್ಟಬಾರದು. ನೀರು ಉಕ್ಕಿ ಹೊರಹೋಗುವ ಮಟ್ಟಕ್ಕಿಂತ ಮೇಲೆ ಪೈಪಿನ ಬಾಯಿ ಇರಬೇಕು, ನಡುವೆ ಬರೀ ಗಾಳಿ. ಎಷ್ಟು ಎತ್ತರ? ಬ್ರಿಟನ್, ಅಮೆರಿಕದ ನಿಯಮಗಳಲ್ಲಿ ಸಾಮಾನ್ಯವಾಗಿ ಕಾಣುವುದು ಪೈಪಿನ ವ್ಯಾಸದ ಎರಡರಷ್ಟು. ಪೈಪು 25 ಮಿಲಿಮೀಟರ್ ಇದ್ದರೆ 50 ಮಿಲಿಮೀಟರ್ ಅಂತರ. ಸ್ಟ್ರಾ ನೀರಿನಿಂದ ಮೇಲೆ ಇದ್ದರೆ ಹೀರಿದಾಗ ಗಾಳಿಯೇ ಬರುತ್ತದೆ ತಾನೆ? ಅಷ್ಟೇ ವಿದ್ಯೆ. ಸವೆಯುವ ರಬ್ಬರ್ ಇಲ್ಲ, ಸ್ಪ್ರಿಂಗ್ ಇಲ್ಲ, ರಿಪೇರಿ ಇಲ್ಲ.

ಇನ್ನೂ ಒಂದು ವಿಷಯ. ಇದು ಕಾನೂನಿನದಲ್ಲ, ಬರೀ ಲೆಕ್ಕದ್ದು. ನಲ್ಲಿ ನೀರಿನಿಂದ ಟ್ಯಾಂಕನ್ನು ಪೂರ್ತಿ ತುಂಬಿಸಿಟ್ಟರೆ ಮರುದಿನ ಬಂದ ಮಳೆಗೆ ಜಾಗವೇ ಇರುವುದಿಲ್ಲ. ಹಾಗೆ ಮಾಡಿದ ಮನೆಗಳಲ್ಲಿ ವರ್ಷವಿಡೀ ಟ್ಯಾಂಕ್ ತುಂಬಿರುತ್ತದೆ, ನೀರಿನ ಬಿಲ್ ಮಾತ್ರ ಒಂದಿಷ್ಟೂ ಇಳಿದಿರುವುದಿಲ್ಲ. ಬಾಯಿ ಮೇಲಿದ್ದರೂ ನಲ್ಲಿ ನೀರು ಬೀಳುವುದನ್ನು ನಿಯಂತ್ರಿಸುವ ಫ್ಲೋಟ್ ಅನ್ನು ಕೆಳಗೆ ಇಡಿಸಿ. ತಳದಲ್ಲಿ 500 ಲೀಟರ್ ಉಳಿಯುವಷ್ಟು ಮಾತ್ರ ನಲ್ಲಿಯಿಂದ ತುಂಬಲಿ. ಮೇಲಿನ 4,500 ಲೀಟರ್ ಮಳೆಯ ಪಾಲು.

ಮನೆಯೊಳಗೆ ಈ ನೀರು ಓಡುವ ಪೈಪು ಪೂರ್ತಿ ಬೇರೆಯೇ ಇರಬೇಕು. ಟಾಯ್ಲೆಟ್ಟಿಗೆ, ವಾಷಿಂಗ್ ಮಷೀನಿಗೆ ಹೋಗುವ ಲೈನಿನ ಮೇಲೆ ‘ಕುಡಿಯುವ ನೀರಲ್ಲ’ ಅಂತ ಬರೆಸಿ, ಬೇರೆ ಬಣ್ಣ ಹಾಕಿಸಿ. ಯಾವ ಬಣ್ಣ ಅಂತ ಕೆಲವು ಕಡೆ ನಿಯಮವೇ ಇರುತ್ತದೆ. ಇವತ್ತು ನಿಮಗೆ ಎಲ್ಲ ನೆನಪಿರುತ್ತದೆ. ಹತ್ತು ವರ್ಷದ ನಂತರ ಗೋಡೆ ಒಡೆಯುವ ಪ್ಲಂಬರಿಗೆ ಎರಡೂ ಒಂದೇ ಬಿಳಿ ಪೈಪು. ಹೆಚ್ಚಿನ ತಪ್ಪು ಜೋಡಣೆ ಆಗುವುದು ಹೊಸ ಮನೆಯಲ್ಲಲ್ಲ, ರಿಪೇರಿಯ ದಿನ.

ಎರಡನೇ ಪೈಪು. ಹೆಚ್ಚಾದ ನೀರನ್ನು ಒಳಚರಂಡಿಗೆ ಬಿಡುವುದು. ಇಲ್ಲಿ ನಿಮ್ಮ ಪ್ಲಂಬರ್ ಮಾತು ಕೇಳಬೇಡಿ ಅಂತ ನೇರವಾಗಿಯೇ ಹೇಳುತ್ತೇನೆ, ಕನಿಷ್ಠ ನಿಮ್ಮ ಊರಿನ ಚರಂಡಿ ಯಾವ ಬಗೆಯದು ಅಂತ ತಿಳಿಯುವವರೆಗೆ. ಕೆಲವು ಹಳೆಯ ನಗರಗಳಲ್ಲಿ ಕೊಳಚೆಗೂ ಮಳೆಗೂ ಒಂದೇ ಪೈಪು. ಬೇಕಾದಷ್ಟು ಊರುಗಳಲ್ಲಿ ಎರಡೂ ಬೇರೆ ಬೇರೆ. ಬೇರೆ ಇರುವಲ್ಲಿ ಮಳೆನೀರನ್ನು ಒಳಚರಂಡಿಗೆ ಬಿಡುವುದು ಸಾಮಾನ್ಯವಾಗಿ ನಿಷಿದ್ಧ.

ಯಾಕೆ ಅನ್ನುವುದಕ್ಕೆ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ 100 ಚದರ ಮೀಟರ್ ತಾರಸಿಯ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಸುರಿದರೆ 5,000 ಲೀಟರ್. ನಾಲ್ಕು ಜನರ ಮನೆಯಿಂದ ದಿನಕ್ಕೆ 500 ಲೀಟರ್ ಕೊಳಚೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಟ್ಯಾಂಕ್ ಆಗಲೇ ತುಂಬಿದ್ದರೆ ಹತ್ತು ದಿನದ ಕೊಳಚೆಯಷ್ಟು ನೀರನ್ನು ಒಂದೇ ಗಂಟೆಯಲ್ಲಿ ಪೈಪಿಗೆ ನೂಕಿದ ಹಾಗಾಯಿತು. ಬೀದಿಯ ನಲವತ್ತು ಮನೆಯವರೂ ಇದನ್ನೇ ಮಾಡಿದರೆ ಮ್ಯಾನ್‌ಹೋಲ್ ಮುಚ್ಚಳ ಮೇಲೇಳುತ್ತದೆ. ತಗ್ಗಿನಲ್ಲಿರುವ ಮನೆಯ ಬಚ್ಚಲಲ್ಲಿ ಎಲ್ಲರ ಹೊಲಸೂ ವಾಪಸ್ ಬರುತ್ತದೆ. ಜೋರು ಮಳೆಯ ದಿನ ಮಾತ್ರ ಟಾಯ್ಲೆಟ್ ಉಕ್ಕುತ್ತದೆ ಅನ್ನುವ ದೂರು ಬಂದಾಗ ನಾನು ಮೊದಲು ನೋಡುವುದು ಮೇಲಿನ ಮನೆಗಳ ತಾರಸಿ ಪೈಪು ಎಲ್ಲಿಗೆ ಹೋಗಿದೆ ಅಂತ.

ಹಾಗಾದರೆ ಹೆಚ್ಚಾದ ನೀರು ಎಲ್ಲಿಗೆ? ಮೊದಲ ಆಯ್ಕೆ ನಿಮ್ಮದೇ ಅಂಗಳದ ಮಣ್ಣಿಗೆ, ಇಂಗುಗುಂಡಿಗೆ. ಎರಡನೆಯದು ಮಳೆನೀರಿನ ಚರಂಡಿಗೆ. ಪಕ್ಕದ ಮನೆಯವರ ಕಡೆಗೆ ಮಾತ್ರ ಬೇಡ. ಒಬ್ಬರ ಸೂರಿನ ನೀರು ಇನ್ನೊಬ್ಬರ ಅಂಗಳಕ್ಕೆ ಬೀಳುವ ಜಗಳ ಬಹಳ ಹಳೆಯದು. ಸೂರಿನ ಹನಿ ಪಕ್ಕದವನ ಜಾಗಕ್ಕೆ ಬೀಳಿಸುವ ಹಕ್ಕು ಅಂತ ರೋಮನ್ನರ ಕಾನೂನಿನಲ್ಲಿ ಒಂದು ಬೇರೆ ಹೆಸರೇ ಇತ್ತು. ಅದನ್ನು ಸಾಮಾನ್ಯವಾಗಿ ಒಪ್ಪಂದ ಮಾಡಿಕೊಂಡು ಪಡೆಯಬೇಕಿತ್ತು, ಹಾಗೇ ಸಿಗುತ್ತಿರಲಿಲ್ಲ.

ಇಂಗುಗುಂಡಿಗೂ ದೂರದ ನಿಯಮ ಇರುತ್ತದೆ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶಿ ಕಟ್ಟಡದಿಂದ 5 ಮೀಟರ್ ಒಳಗೆ ಬೇಡ ಅನ್ನುತ್ತದೆ. ಬೇರೆ ಕಡೆ ಸಂಖ್ಯೆ ಬೇರೆ ಇರಬಹುದು, ಕಾರಣ ಅದೇ: ಪಾಯದ ಮಣ್ಣು ನೆನೆಯಬಾರದು. ನಿಮ್ಮ ಪಾಯಕ್ಕೆ ಮಾತ್ರವಲ್ಲ, ಪಕ್ಕದ ಮನೆಯ ಪಾಯಕ್ಕೂ ಇದೇ ಮಾತು. ಸೆಪ್ಟಿಕ್ ಟ್ಯಾಂಕ್ ಹತ್ತಿರವೂ ಬೇಡ. ತಾರಸಿಯ ಪೈಪನ್ನು ಸೋಸದೆ ನೇರ ಬೋರ್‌ವೆಲ್ ಒಳಗೆ ಇಳಿಸುವ ಹುಚ್ಚು ಕೆಲಸ ಯಾರಾದರೂ ಹೇಳಿದರೆ ಬಾಗಿಲು ತೋರಿಸಿ. ಮೇಲಿನ ಮಣ್ಣಿನ ಪದರದಲ್ಲಿ ಇಂಗುತ್ತಾ ಹೋಗುವಾಗ ನೀರು ಸೋಸಿಕೊಳ್ಳುತ್ತದೆ. ಬೋರ್‌ವೆಲ್‌ಗೆ ನೇರ ಬಿಟ್ಟರೆ ಸೂರಿನ ಕೊಳೆ ಸೋಸಿಕೊಳ್ಳದೆ ಅಂತರ್ಜಲಕ್ಕೆ ಹೋಗುತ್ತದೆ. ಅಲ್ಲಿಂದ ಅದನ್ನು ವಾಪಸ್ ತೆಗೆಯಲು ಆಗುವುದಿಲ್ಲ.

ಒಳಚರಂಡಿಯ ವಿಷಯದಲ್ಲಿ ಜನ ಮರೆಯುವ ಇನ್ನೊಂದು ಅಂಶ ಇದೆ. ಫ್ಲಶ್ ಮಾಡಿದ ಮಳೆನೀರು ಕೊನೆಗೆ ಒಳಚರಂಡಿಗೇ ಹೋಗುತ್ತದೆ. ಚರಂಡಿ ಶುಲ್ಕವನ್ನು ನಲ್ಲಿಯ ಮೀಟರ್ ನೋಡಿ ಹಾಕುವ ಊರುಗಳಲ್ಲಿ ಈ ನೀರು ಲೆಕ್ಕಕ್ಕೇ ಸಿಗುವುದಿಲ್ಲ. ಅದಕ್ಕೇ ಜರ್ಮನಿ, ಫ್ರಾನ್ಸ್‌ನಂಥ ಕಡೆ ಮಳೆನೀರನ್ನು ಮನೆಯೊಳಗೆ ಬಳಸುವವರು ಮೊದಲೇ ತಿಳಿಸಬೇಕು. ಕೆಲವು ಕಡೆ ಬೇರೆ ಮೀಟರ್ ಇಡಿಸುತ್ತಾರೆ. ಗಿಡಕ್ಕೆ ಹಾಕಿದ್ದಕ್ಕೆ ಯಾರೂ ಕೇಳುವುದಿಲ್ಲ. ನಿಮ್ಮ ಯೋಜನೆಯಲ್ಲಿ ಗಿಡದಿಂದ ಟಾಯ್ಲೆಟ್ಟಿಗೆ ಹೋದ ಆ ಒಂದು ಹೆಜ್ಜೆಯಲ್ಲೇ ನಿಯಮಗಳು ದುಪ್ಪಟ್ಟಾಗುತ್ತವೆ ಅಂತ ತಿಳಿದಿರಿ.

ಸೊಳ್ಳೆ. ಆರೋಗ್ಯ ಇಲಾಖೆಯವರು ನಿಮ್ಮ ಮನೆಗೆ ಬರುವುದಿದ್ದರೆ ಇದಕ್ಕೇ ಬರುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಷ್ಟವಾದ ಜಾಗವೇ ಮನೆಯ ಹತ್ತಿರದ ತಿಳಿನೀರಿನ ಟ್ಯಾಂಕು. ಮೊಟ್ಟೆಯನ್ನು ನೀರಿನ ಮಟ್ಟದ ಸ್ವಲ್ಪ ಮೇಲೆ, ಟ್ಯಾಂಕಿನ ಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿ ಕೂತಿದ್ದು, ಮುಂದಿನ ಮಳೆಗೆ ನೀರು ಮೇಲೇರಿದಾಗ ಒಡೆಯುತ್ತದೆ. ಬೆಚ್ಚಗಿನ ಹವೆಯಲ್ಲಿ ವಾರ, ಹತ್ತು ದಿನದಲ್ಲಿ ರೆಕ್ಕೆ ಬಂದ ಸೊಳ್ಳೆ ಸಿದ್ಧ. ಹಾಗಾಗಿ ಟ್ಯಾಂಕನ್ನು ಖಾಲಿ ಮಾಡಿದರೆ ಸಾಲದು, ಗೋಡೆ ಉಜ್ಜಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಟ್ಯಾಂಕಿನ ಪ್ರತಿ ಬಾಯಿಗೂ 1 ಮಿಲಿಮೀಟರ್‌ಗಿಂತ ದೊಡ್ಡ ಕಣ್ಣಿಲ್ಲದ ಲೋಹದ ಜಾಲರಿ, ಇಲ್ಲವೇ ಸೊಳ್ಳೆ ನುಸುಳದಂತೆ ಮುಚ್ಚಿಕೊಳ್ಳುವ ವಾಲ್ವ್ ಇರಬೇಕು. ನಿಮ್ಮಲ್ಲಿ ನಿಯಮ ಇರಲಿ ಬಿಡಲಿ, ಅಂಥ ಜಾಲರಿಯನ್ನೇ ಹಾಕಿಸಿ. ನೀರು ಒಳಬರುವ ಬಾಯಿಗೆ ಎಲ್ಲರೂ ಹಾಕಿಸುತ್ತಾರೆ. ಓವರ್‌ಫ್ಲೋ ಪೈಪಿನ ತುದಿಗೆ ಮರೆತುಬಿಡುತ್ತಾರೆ. ಸೊಳ್ಳೆಗೆ ಅದು ಹಿತ್ತಲ ಬಾಗಿಲು.

ಟ್ಯಾಂಕಿನ ತೂಕದ ಬಗ್ಗೆ ಎರಡೇ ಮಾತು. 5,000 ಲೀಟರ್ ನೀರು ಅಂದರೆ 5 ಟನ್. ತಾರಸಿಯ ಮೇಲೆ ಇಡುವ ಮಾತೇ ಬೇಡ. ನೆಲದ ಮೇಲೆ ಗಟ್ಟಿ ಕಟ್ಟೆ ಕಟ್ಟಿ ಇಡಿ. ಟ್ಯಾಂಕ್ ಇಷ್ಟಕ್ಕಿಂತ ದೊಡ್ಡದಿದ್ದರೆ, ಎತ್ತರದ ಸ್ಟ್ಯಾಂಡ್ ಮೇಲಿದ್ದರೆ, ಅಥವಾ ಬೇಲಿಗೆ ತೀರಾ ಹತ್ತಿರವಿದ್ದರೆ ಕಟ್ಟಡದ ಅನುಮತಿ ಬೇಕು ಅನ್ನುವ ನಿಯಮ ಬಹಳ ಕಡೆ ಇದೆ. ನೆಲದಡಿ ಸಂಪು ತೋಡಿಸುವುದಾದರೂ ಅಷ್ಟೇ.

ಕುಡಿಯಲು ಬೇಡ ಅಂದಿದ್ದೀರಿ, ಒಳ್ಳೆಯದು. ಕುಡಿಯುವ ನೀರು ಅಂದ ತಕ್ಷಣ ಪರೀಕ್ಷೆ, ಸೋಸುವಿಕೆ, ಸೋಂಕು ನಿವಾರಣೆ ಅಂತ ಬೇರೆಯೇ ಪುಸ್ತಕ ತೆರೆಯುತ್ತದೆ. ಆದರೂ ಸೂರು ಯಾವುದರದ್ದು ಅಂತ ನೋಡಿಕೊಳ್ಳಿ. ಕಲ್ನಾರಿನ ಶೀಟು, ಸೀಸದ ಬಣ್ಣ, ಡಾಂಬರು ಬಳಿದ ತಾರಸಿ ಇದ್ದರೆ ಆ ನೀರು ಸೊಪ್ಪು ತರಕಾರಿಗೂ ಬೇಡ. ಪ್ರತಿ ಸಲ ಮಳೆಯ ಮೊದಲ ನೀರನ್ನು ಹೊರಗೆ ಬಿಡುವ ಒಂದು ಅಡ್ಡ ಪೈಪು ಇಡಿಸಿ. ಮೊದಲ 1 ಮಿಲಿಮೀಟರ್ ಬಿಟ್ಟರೂ ನಿಮ್ಮ ತಾರಸಿಗೆ 100 ಲೀಟರ್ ಆಯಿತು. ಧೂಳು, ಎಲೆ, ಹಿಕ್ಕೆಯ ಬಹುಪಾಲು ಅದರಲ್ಲೇ ಹೋಗುತ್ತದೆ.

ಇನ್ನು ಯಾರನ್ನು ಕೇಳಬೇಕು ಅನ್ನುವುದು. ಕಚೇರಿಗೆ ಹೋಗಿ ‘ಮಳೆನೀರು ಹಿಡಿಯಬಹುದಾ’ ಅಂತ ಕೇಳಬೇಡಿ. ಆ ಪ್ರಶ್ನೆಗೆ ಎದುರಿನವರು ‘ಹಿಡೀರಿ, ಒಳ್ಳೇದು’ ಅನ್ನುತ್ತಾರೆ, ಇಲ್ಲವೇ ‘ಆ ಟೇಬಲ್ ಹತ್ತಿರ ಕೇಳಿ’ ಅನ್ನುತ್ತಾರೆ. ಎರಡರಿಂದಲೂ ನಿಮಗೆ ಉಪಯೋಗ ಇಲ್ಲ. ಒಂದು ಹಾಳೆಯಲ್ಲಿ ಚಿತ್ರ ಬರೆಯಿರಿ. ಸೂರು, ದೋಣಿ, ಟ್ಯಾಂಕು, ನಲ್ಲಿಯ ಪೈಪು ಬರುವ ಜಾಗ, ಓವರ್‌ಫ್ಲೋ ಹೋಗುವ ಜಾಗ, ಮನೆಯೊಳಗೆ ಯಾವ ಯಾವ ನಲ್ಲಿಗೆ ಈ ನೀರು ಅಂತ. ಆ ಹಾಳೆ ಹಿಡಿದುಕೊಂಡು ನೀರು ಸರಬರಾಜು ಮಾಡುವವರ ಹತ್ತಿರ ಮೊದಲು ಹೋಗಿ. ಟ್ಯಾಂಕಿಗೆ ನಿಮ್ಮ ನೀರು ಬೀಳುವ ಜಾಗದಲ್ಲಿ ಎಷ್ಟು ಅಂತರ ಬೇಕು, ಪರೀಕ್ಷೆಗೆ ಬರುತ್ತೀರಾ, ಬೇರೆ ಮೀಟರ್ ಬೇಕಾ ಅಂತ ಕೇಳಿ. ಚರಂಡಿ ನೋಡಿಕೊಳ್ಳುವವರು ಬೇರೆಯಾಗಿದ್ದರೆ ಓವರ್‌ಫ್ಲೋ ಪ್ರಶ್ನೆ ಅವರಿಗೆ. ನಕ್ಷೆ ಮಂಜೂರು ಮಾಡುವ ಕಚೇರಿಯಲ್ಲಿ ಟ್ಯಾಂಕಿನ ಅಳತೆ, ಬೇಲಿಯಿಂದ ದೂರ, ಇಂಗುಗುಂಡಿಯ ಜಾಗ ಕೇಳಿ. ಮಳೆಕೊಯ್ಲು ಕಡ್ಡಾಯವೇ, ಎಷ್ಟು ಲೀಟರ್ ಹಿಡಿದರೆ ಸಾಕು ಅನ್ನುವುದೂ ಹೆಚ್ಚಾಗಿ ಅಲ್ಲೇ ಗೊತ್ತಾಗುತ್ತದೆ. ಕಡ್ಡಾಯ ಇರುವಲ್ಲಿ ಈ ಅಳತೆಯನ್ನು ಸಾಮಾನ್ಯವಾಗಿ ಸೂರಿನ ಪ್ರತಿ ಚದರ ಮೀಟರ್‌ಗೆ ಇಷ್ಟು ಲೀಟರ್ ಅಂತ ಬರೆದಿರುತ್ತಾರೆ, ಕೆಲವೊಮ್ಮೆ ಅಂಗಳಕ್ಕೆ ಬೇರೆ ಸಂಖ್ಯೆ. ನಿಮ್ಮ 5,000 ಲೀಟರ್ ಅಂದರೆ ಪ್ರತಿ ಚದರ ಮೀಟರ್‌ಗೆ 50 ಲೀಟರ್. ಟ್ಯಾಂಕು ಕೊಳ್ಳುವ ಮೊದಲೇ ಹೋಲಿಸಿ ನೋಡಿ.

ಉತ್ತರ ಬರವಣಿಗೆಯಲ್ಲಿ ಪಡೆಯಿರಿ. ಇಮೇಲ್ ಆದರೂ ಸಾಕು. ಅವರು ತೋರಿಸಿದ ನಿಯಮದ ವರ್ಷ ನೋಡಿ, ಆಮೇಲೆ ತಿದ್ದುಪಡಿ ಆಗಿದೆಯಾ ಅಂತ ಒಂದು ಮಾತು ಕೇಳಿ. ಮಳೆನೀರಿನ ನಿಯಮಗಳು ಕಳೆದ ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಕಡೆ ಬದಲಾಗಿವೆ, ಅಂತರ್ಜಾಲದಲ್ಲಿ ಮೊದಲು ಸಿಗುವುದು ಹಳೆಯದೇ ಇರಬಹುದು. ನನಗೇ ಒಮ್ಮೆ ಒಂದು ಕಚೇರಿಯಲ್ಲಿ ರದ್ದಾದ ಸುತ್ತೋಲೆ ಕೊಟ್ಟು ಕಳಿಸಿದ್ದರು. ಚಿತ್ರವನ್ನು ಪೂರ್ತಿ ಮತ್ತೆ ಬರೆಯಬೇಕಾಯಿತು.

ಸ್ವಂತ ಮನೆ ಅಂದಿದ್ದೀರಿ. ಆದರೂ ಬಡಾವಣೆಗೆ ನಿವಾಸಿಗಳ ಸಂಘ ಇದ್ದರೆ ಅದರ ನಿಯಮವನ್ನೂ ಓದಿ. ಎದುರಿಗೆ ಕಾಣುವಂತೆ ಟ್ಯಾಂಕ್ ಇಡಬಾರದು, ಇಂಥ ಬಣ್ಣ ಬೇಡ ಅನ್ನುವ ತಕರಾರು ಸರ್ಕಾರದಿಂದ ಬರುವುದಕ್ಕಿಂತ ಸಂಘದಿಂದ ಬರುವುದೇ ಜಾಸ್ತಿ. ಟೆಕ್ಸಸ್‌ನಲ್ಲಿ ಇದು ಎಷ್ಟು ಬೆಳೆಯಿತೆಂದರೆ, ಸಂಘಗಳು ಮಳೆನೀರಿನ ಡ್ರಮ್ಮನ್ನು ಪೂರ್ತಿ ನಿಷೇಧಿಸುವ ಹಾಗಿಲ್ಲ ಅಂತ ರಾಜ್ಯವೇ ಕಾನೂನು ಮಾಡಬೇಕಾಯಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಕೆಲಸವನ್ನು ಎರಡು ಹಂತ ಮಾಡುತ್ತಿದ್ದೆ. ಈ ಮಳೆಗಾಲಕ್ಕೆ ಟ್ಯಾಂಕು, ಜಾಲರಿ, ಮೊದಲ ನೀರು ಬಿಡುವ ಪೈಪು, ಇಂಗುಗುಂಡಿಗೆ ಓವರ್‌ಫ್ಲೋ. ನೀರು ಗಿಡಕ್ಕೆ ಮಾತ್ರ. ನಲ್ಲಿಯ ಲೈನ್ ಟ್ಯಾಂಕಿನ ಹತ್ತಿರ ಸುಳಿಯಲೂಬಾರದು. ಇಷ್ಟಕ್ಕೆ ಬಹಳ ಕಡೆ ಅನುಮತಿ ಬೇಕಾಗುವುದಿಲ್ಲ, ಬೇಕಾದರೂ ಬೇಗ ಸಿಗುತ್ತದೆ. ಒಂದು ಮಳೆಗಾಲ ಟ್ಯಾಂಕ್ ಎಷ್ಟು ಸಲ ತುಂಬಿತು, ಎಷ್ಟು ದಿನ ಖಾಲಿ ಇತ್ತು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಷ್ಟರಲ್ಲಿ ಕಚೇರಿಯ ಉತ್ತರವೂ ಬಂದಿರುತ್ತದೆ. ಟಾಯ್ಲೆಟ್ ಮತ್ತು ವಾಷಿಂಗ್ ಮಷೀನಿನ ಲೈನನ್ನು ಆಮೇಲೆ ಎಳೆಸಿ. ಗಾಳಿಯ ಅಂತರ ಬಿಡಲು ಒಪ್ಪದ ಪ್ಲಂಬರ್ ಆದರೆ ಅಷ್ಟರೊಳಗೆ ಬೇರೆಯವರನ್ನು ಹುಡುಕಿಕೊಳ್ಳಿ.